ಅಣ್ಣ ನಿಂತ ಸೇತುವೆ

ಗಾಳಿ ಕೊಲ್ಲಿಯ ಕಡೆಯಿಂದ ತಿರುಗಿತೆಂದರೆ ಅಮೆರಿಕದ ಈ ನಮ್ಮ ಮಿಲ್ಪಿಟಾಸ್‌ಗೆ ಒಂದು ವಾಸನೆ ಬರುತ್ತದೆ. ಉಪ್ಪು, ಕೆಸರು, ಕೊಳೆತ ಹುಲ್ಲು ಎಲ್ಲ ಸೇರಿದ ವಾಸನೆ. ಹೊಸದಾಗಿ ಮನೆ ಕೊಂಡವರು ಅದನ್ನು ಸುಲಭಕ್ಕೆ ಒಪ್ಪುವುದಿಲ್ಲ. 'ಇವತ್ತೊಂದು ದಿನ ಹೀಗೆ' ಎಂದು ಕಿಟಕಿ ಮುಚ್ಚುತ್ತಾರೆ. ನಾಳೆಯೂ ಹಾಗೆಯೇ ಹೇಳುತ್ತಾರೆ. ನಾನು ಮಂಗಳೂರಿನಲ್ಲಿ ಹೊಳೆಬದಿಯ ಹಂಚಿನ ಕಾರ್ಖಾನೆಯ ಪಕ್ಕ ಹುಟ್ಟಿದವಳು. ಇಳಿತದ ಕೆಸರಿಗೆ ಮೂಗು ಮುಚ್ಚಿದರೆ ಅಮ್ಮ, 'ಎಂತ, ದೊರೆಸಾನಿಯಾ ನೀನು?' ಎಂದು ಕೇಳುತ್ತಿದ್ದಳು. ಆದರೆ ಹೋದ ವರ್ಷದಿಂದ ಈಚೆಗೆ ಆ ವಾಸನೆ ಬಂದರೆ ನನ್ನ ಅಂಗೈ ಬೆವರುತ್ತದೆ. ಯಾಕೆಂದು ಹೇಳಲಿಕ್ಕೇ ಕೂತಿದ್ದೇನೆ. ನಿಧಾನಕ್ಕೆ ಹೇಳುತ್ತೇನೆ, ಬೇಸರ ಮಾಡಬೇಡಿ. ಅವಸರದಲ್ಲಿ ಹೇಳಿದರೆ ನಾನು ನನ್ನ ಕಡೆಗೇ ವಾಲಿಬಿಡುವವಳು.

ಈ ತಿಂಗಳ ಮೊದಲಲ್ಲಿ ಒಂದು ಬೆಳಿಗ್ಗೆ ಆ ವಾಸನೆ ಬಂದಿತ್ತು. ಸಾಂಟಾ ಕ್ಲಾರಾದ ಎಲ್ ಕಮೀನೋ ರಸ್ತೆಯಲ್ಲಿ ಒಂದು ಇಂಡಿಯನ್ ಅಂಗಡಿಯಿದೆ. ಅದರ ಹಿಂದಿನ ಅಡುಗೆಮನೆಯಲ್ಲಿ ನಾನು ಚಪಾತಿ ಲಟ್ಟಿಸುತ್ತೇನೆ. ಕೆಲಸಕ್ಕೆ ಹೊರಡಲು ಕಾರಿನ ಕೀಲಿ ಕೈಯಲ್ಲಿ ಹಿಡಿದಿದ್ದೆ. ಇಂಗ್ಲೆಂಡಿನಿಂದ ರೇಷ್ಮಾ ಫೋನು ಮಾಡಿದಳು. ರೇಷ್ಮಾ ನನ್ನ ಅಣ್ಣನ ಮಗಳು. ಅಲ್ಲೇ ಹುಟ್ಟಿದವಳು, ನಮ್ಮ ಮಾತು ಕೇಳಿದರೆ ತಿಳಿಯುತ್ತದೆ, ಉತ್ತರ ಮಾತ್ರ ಮುಕ್ಕಾಲು ಇಂಗ್ಲಿಷಿನಲ್ಲಿ ಬರುತ್ತದೆ.

"ಅತ್ತೆ, ಗುಡ್ ನ್ಯೂಸ್! ಡ್ಯಾಡ್ ಈಸ್ ಕಮಿಂಗ್ ಎಗೇನ್. ನಂಗೆ ನೆಕ್ಸ್ಟ್ ಮಂತ್ ಅಲ್ಲಿ ಆಫೀಸ್ ವರ್ಕ್ ಇದೆ. ಹಿ ವಾಂಟ್ಸ್ ದ ಬ್ರಿಡ್ಜ್, ಅತ್ತೆ. ಓನ್ಲಿ ದ ಬ್ರಿಡ್ಜ್."

ಹಿಂದಿನಿಂದ ಅಣ್ಣನ ಗಂಟಲು ಕೇಳಿಸಿತು. "ಬೇಲಿ ತೆಗ್ದಿದ್ದಾರಾ ಕೇಳು ಅವಳ ಹತ್ರ! ಈ ಸಲ ಆ ಹಗ್ಗ ಮುಟ್ಟದೆ ನಾನು ಬರುವುದಿಲ್ಲ ಅಂತ ಹೇಳು!"

"ನೋಡಿ ಹೇಳ್ತೇನೆ" ಎಂದು ಫೋನು ಇಟ್ಟೆ. ಅವತ್ತು ಉಂಡೆ ಮಾಡಿದ ಹಿಟ್ಟಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ದೇವರಿಗೇ ಗೊತ್ತು.

ಗೋಲ್ಡನ್ ಗೇಟ್ ಸೇತುವೆಯಲ್ಲಿ ಅಣ್ಣ ಕೇಳಿದ ಆ ಬೇಲಿ ಇರಲೇ ಇಲ್ಲ. ಅದನ್ನು ಹಾಕಿದ್ದು ನನ್ನ ಬಾಯಿ. ಗೋಲ್ಡನ್ ಗೇಟ್ ತೋರಿಸುತ್ತೇನೆಂದು ಕರೆದುಕೊಂಡು ಹೋಗಿ, ಕಣ್ಣು ಕಾಣದ ಅಣ್ಣನನ್ನು ಬೇರೆ ಒಂದು ಸೇತುವೆಯ ಮೇಲೆ ನಿಲ್ಲಿಸಿ ಬಂದವಳು ನಾನು. ಅವನು ಇನ್ನೊಮ್ಮೆ ಬಂದರೆ, ನಿಜವಾದ ಸೇತುವೆಯ ಮೇಲೆ ಕಾಲಿಟ್ಟ ಕೂಡಲೆ ಅವನಿಗೆ ತಿಳಿಯುತ್ತದೆ. ಅದಕ್ಕೆ ಮೊದಲು ನಾನು ಹೇಳಬೇಕು. ಹೇಳಿದರೆ ಅವನು ನನ್ನ ಮಾತನ್ನು ಇನ್ನು ನಂಬುತ್ತಾನೆಯೇ? ಕಣ್ಣಿಲ್ಲದವನಿಗೆ ಬೇರೆಯವರ ಮಾತೇ ಕಣ್ಣಲ್ಲವೇ?

ಅಣ್ಣನ ವಿಷಯ ಸ್ವಲ್ಪ ಹೇಳುತ್ತೇನೆ. ನಮ್ಮ ಮನೆಮಾತು ತುಳು; ಅವನ ಮಾತನ್ನು ನಮ್ಮ ಊರ ಕನ್ನಡಕ್ಕೆ ಇಳಿಸಿದ್ದೇನೆ, ಖಾರ ಸ್ವಲ್ಪ ಕಮ್ಮಿಯಾಗಿರಬಹುದು. ಹೆಸರು ವಾಮನ, ಆಳು ಮಾತ್ರ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಹಡಗಿನಲ್ಲಿ ಅಡುಗೆ ಕೆಲಸಕ್ಕೆಂದು ಹೋದವನು ಇಂಗ್ಲೆಂಡಿನಲ್ಲಿ ಇಳಿದು, ಶೆಫೀಲ್ಡ್ ಎಂಬ ಊರಿನಲ್ಲಿ ಉಕ್ಕಿನ ಕಾರ್ಖಾನೆ ಸೇರಿ ಅಲ್ಲೇ ನಿಂತ. ಚಾಕು, ಕತ್ತರಿ, ಗರಗಸ ಅಂದರೆ ಒಂದು ಕಾಲಕ್ಕೆ ಲೋಕಕ್ಕೆಲ್ಲ ಆ ಊರೇ ಆಗಿತ್ತಂತೆ. ಹಂಚಿನ ಕಾರ್ಖಾನೆಯ ಚಿಮಣಿ ನೋಡಿ ಬೆಳೆದವನಿಗೆ ಚಿಮಣಿಗಳ ಊರು ಪರಕೀಯ ಅನಿಸಿರಲಿಕ್ಕಿಲ್ಲ.

ಅತ್ತಿಗೆ ತೀರಿಕೊಂಡ ವರ್ಷ ನಾನು ಅಲ್ಲಿಗೆ ಹೋಗಿ ಕೆಲವು ವಾರ ಇದ್ದೆ. ಅಡುಗೆ ಮಾಡಿ ಹಾಕಿ, ನಾಲ್ಕು ಸಮಾಧಾನದ ಮಾತು ಹೇಳುವುದೆಂದು ಹೋದದ್ದು. ಅಣ್ಣನಿಗೆ ಮನೆಯೊಳಗೆ ಕೂರಲಿಕ್ಕೇ ಆಗುತ್ತಿರಲಿಲ್ಲ. ಊಟವಾದ ಕೂಡಲೆ ಕೋಟು ಹಾಕಿಕೊಂಡು "ಹೊರಡು" ಎನ್ನುವನು. ಬಸ್ಸು ಹತ್ತಿಸಿ ಊರಿನ ಒಂದೊಂದೇ ಕಟ್ಟಡ, ಒಂದೊಂದೇ ತೋಟ ತೋರಿಸಿದ. ತೋರಿಸುವ ಕ್ರಮ ಅವನದೇ. ಜಾಗದ ಹೆಸರು ಹೇಳುವುದಿಲ್ಲ. ಎದುರಿಗೆ ನಿಲ್ಲಿಸಿ, "ಎಂತ ಕಾಣ್ತದೆ ಹೇಳು" ಎಂದು ಕೇಳುತ್ತಾನೆ. ಕಂಡದ್ದನ್ನು ನಾನು ಹೇಳಬೇಕು. ಹೆಸರು, ಕತೆ ಎಲ್ಲ ಆಮೇಲೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಮ್ಮನ ಜೊತೆ ಬೀಡಿ ಕಟ್ಟಲು ಕೂತವಳು ನಾನು. ಇಂಗ್ಲಿಷ್ ಬೋರ್ಡು ಓದಬೇಕಾದರೆ ಅಕ್ಷರಕ್ಕೆ ಅಕ್ಷರ ಕೂಡಿಸಬೇಕು. ಅಣ್ಣನ ಕ್ರಮದಲ್ಲಿ ಬೋರ್ಡೇ ಬೇಡ. ಅದನ್ನು ಅವನು ನನಗಾಗಿಯೇ ಮಾಡಿದನೆಂದು ಆಗ ನನಗೆ ಹೊಳೆಯಲಿಲ್ಲ.

ಮೊದಲ ದಿನ ಟೌನ್ ಹಾಲು. ಕಲ್ಲಿನ ಕಟ್ಟಡ, ಅದರ ಮೇಲೊಂದು ಗೋಪುರ.

"ಎಂತ ಕಾಣ್ತದೆ?"

"ಗಡಿಯಾರ."

"ಇನ್ನೂ ಮೇಲೆ."

ನೋಡಿದೆ. ಶಾಲಿನಿಂದ ಬಾಯಿ ಮುಚ್ಚಿಕೊಂಡೆ. "ಅಣ್ಣಾ, ತುದಿಯಲ್ಲಿ ಒಬ್ಬ ಬಟ್ಟೆ ಇಲ್ಲದೆ ನಿಂತಿದ್ದಾನೆ!"

"ಕೈಯಲ್ಲಿ ಎಂತ ಉಂಟು ನೋಡು ಮಾರಾಯ್ತಿ. ಬಟ್ಟೆ ಆಮೇಲೆ."

ಸುತ್ತಿಗೆ ಇತ್ತು. ಅವನು ಕಮ್ಮಾರರ ದೇವರಂತೆ. "ಕುಲುಮೆ ಎದುರು ಕೆಲಸ ಮಾಡುವವನಿಗೆ ಕೋಟು ಹಾಕ್ಲಿಕ್ಕೆ ಆಗ್ತದಾ?" ಎಂದು ಅಣ್ಣ ಆ ದೇವರ ಪರವಾಗಿ ವಾದಿಸಿದ. ಮರುದಿನ ಒಂದು ದೊಡ್ಡ ಗಾಜಿನ ಮನೆ. ಹೊರಗೆ ಹಲ್ಲು ಕಟಕಟಿಸುವ ಚಳಿ, ಒಳಗೆ ನಮ್ಮ ಕಡೆಯ ಹಾಗೆ ಅಗಲ ಎಲೆಯ ಗಿಡಗಳು, ಮೇಲೆ ಬಾಗಿದ ಮರದ ತೊಲೆಗಳು. "ಹಡಗನ್ನು ಕವುಚಿ ಹಾಕಿದ ಹಾಗೆ ಕಾಣ್ತದೆ" ಎಂದೆ. ಅವತ್ತೆಲ್ಲ ಅಣ್ಣ ಖುಷಿಯಲ್ಲಿದ್ದ. ಇನ್ನೊಂದು ದಿನ ತೊರೆಯ ಪಕ್ಕದ ಕಾಡಿನಂಥ ಪಾರ್ಕಿನಲ್ಲಿ, ನೀರಿನ ಚಕ್ರದಿಂದ ಸಾಣೆಕಲ್ಲು ತಿರುಗಿಸಿ ಚಾಕು ಮಸೆಯುತ್ತಿದ್ದ ಹಳೆಯ ಮನೆ. ಸಸ್ಯಗಳ ತೋಟದಲ್ಲಿ ಒಂದು ಕಲ್ಲಿನ ಹೊಂಡ. ಹಿಂದೆ ಅದರಲ್ಲಿ ಕರಡಿ ಇಟ್ಟಿದ್ದರಂತೆ, ಈಗ ಲೋಹದ ಕರಡಿ. "ಕರಡಿ ಕಾಣ್ತದಾ?" ಎಂದ. ನಾನು ನಿಂತಲ್ಲಿಂದ ಕಾಣುತ್ತಿರಲಿಲ್ಲ. ಅವನಿಗೆ ಬೇಸರವಾಗಬಾರದೆಂದು, "ಹೌದು ಹೌದು, ದೊಡ್ಡದಿದೆ" ಎಂದೆ. ಅಣ್ಣ ನನ್ನ ಮುಖ ನೋಡಿದ. "ಕಾಣದಿದ್ರೆ ಕಾಣುವುದಿಲ್ಲ ಅನ್ನು. ನಾನೇನು ಮೇಷ್ಟ್ರಾ, ಬೆತ್ತ ಹಿಡ್ಕೊಂಡಿದ್ದೇನಾ?"

ರೈಲ್ವೆ ಸ್ಟೇಷನ್ನಿನ ಎದುರು ಉಕ್ಕಿನ ಉದ್ದ ಗೋಡೆಯಿದೆ, ಅದರ ಮೇಲೆ ತೆಳ್ಳಗೆ ನೀರು ಇಳಿಯುತ್ತಿರುತ್ತದೆ. ನಾನು ಹೊರಡುವ ಹಿಂದಿನ ದಿನ ಅಲ್ಲಿ ನಿಲ್ಲಿಸಿದ. ಎಂತ ಕಾಣ್ತದೆ ಎಂದು ಕೇಳಿದವನು ಉತ್ತರಕ್ಕೆ ಕಾಯದೆ ಬೊಗಸೆಯಲ್ಲಿ ನೀರು ಹಿಡಿದು ಮುಖಕ್ಕೆ ಹಾಕಿಕೊಂಡ, ಮತ್ತೆ ಹಾಕಿಕೊಂಡ. ಅತ್ತಿಗೆ ಹೋದ ಮೇಲೆ ಅವನು ಅತ್ತದ್ದನ್ನು ನಾನು ನೋಡಿದ್ದು ಅಲ್ಲಿ ಮಾತ್ರ. "ನೀರು ಕಾಣ್ತದೆ ಅಣ್ಣ" ಎಂದೆ. ಅದು ಸುಳ್ಳಲ್ಲ.

ಆಮೇಲೆ ಅವನ ಕಣ್ಣಿನ ನರಕ್ಕೆ ಕಾಯಿಲೆ ಬಂತು. ದೃಷ್ಟಿ ಅಂಚಿನಿಂದ ಒಳಕ್ಕೆ ಮುಚ್ಚುತ್ತಾ ಬಂದು, ಈಗ ಬೆಳಕು ನೆರಳು ಮಾತ್ರ ಉಳಿದಿದೆ.

ಇನ್ನು ನನ್ನ ಜಂಬದ ವಿಷಯ. ಇಲ್ಲಿ ಡ್ರೈವಿಂಗ್ ಲೈಸೆನ್ಸು ಸಿಕ್ಕಿದಾಗ ನನಗೆ ಪದವಿ ಸಿಕ್ಕಿದ ಹಾಗಾಗಿತ್ತು. ಅಣ್ಣನಿಗೆ ಫೋನಿನಲ್ಲಿ, "ಎಲ್ಲ ಕಡೆಗೂ ನಾನೇ ಡ್ರೈವ್ ಮಾಡ್ತೇನೆ ಈಗ" ಎಂದಿದ್ದೆ. ಎಲ್ಲ ಕಡೆ ಎಂದರೆ ಸಿಗ್ನಲ್ ದೀಪ ಇರುವ ಎಲ್ಲ ಕಡೆ. ಸಿಗ್ನಲ್ಲೇ ಇಲ್ಲದೆ ಕಾರುಗಳು ಒಂದೇ ಸಮನೆ ಓಡುವ ಫ್ರೀವೇಗೆ ನಾನು ಹೋಗುವುದಿಲ್ಲ. ಎರಡೂ ಬದಿಯಲ್ಲಿ ಮನೆಯಷ್ಟು ಎತ್ತರದ ಟ್ರಕ್ಕುಗಳು, ಹಿಂದಿನಿಂದ ನೂಕುವವರು, ಎದುರಿಗೆ ಓದಿ ಮುಗಿಸುವ ಮೊದಲೇ ತಲೆಯ ಮೇಲೆ ಹಾದುಹೋಗುವ ಹಸಿರು ಬೋರ್ಡುಗಳು. "ಫ್ರೀವೇ ಅಂದ್ರೆ ಯಾವ ಊರು ಅಂತ ಕೇಳ್ತದೆ ಇವಳ ಕಾರು" ಎಂದು ನನ್ನ ಗಂಡ ಎಲ್ಲರ ಮುಂದೆ ನಗಾಡುತ್ತಾರೆ. ಅಣ್ಣನ ಮುಂದೆ ಮಾತ್ರ ಅದನ್ನು ಹೇಳಿರಲಿಲ್ಲ. ನಾನೇ ಬೇಡವೆಂದಿದ್ದೆ.

ಇಲ್ಲಿ ನಮ್ಮವರಲ್ಲಿ ಒಂದು ಪದ್ಧತಿಯಿದೆ. ಯಾರ ಮನೆಗೆ ಯಾರೇ ನೆಂಟರು ಬರಲಿ, ವಾಪಸು ಹೋಗುವುದರೊಳಗೆ ಗೋಲ್ಡನ್ ಗೇಟ್ ತೋರಿಸಲೇಬೇಕು. ಗಾಳಿಗೆ ನಡುಗಿ, ಕೆಂಪು ಕಂಬದ ಮುಂದೆ ಫೋಟೋ ಹಿಡಿಯದಿದ್ದರೆ ನೆಂಟರನ್ನು ಸರಿಯಾಗಿ ನೋಡಿಕೊಂಡಿಲ್ಲವೆಂದೇ ಅರ್ಥ. ಹೋದ ವರ್ಷ ರೇಷ್ಮಾ ಅಣ್ಣನನ್ನು ನಮ್ಮಲ್ಲಿ ಬಿಟ್ಟು ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದಳು. ಅಣ್ಣ ಕೇಳಿದ್ದು ಒಂದೇ: ಆ ಸೇತುವೆಯನ್ನು ಹೊತ್ತ ಉಕ್ಕಿನ ಹಗ್ಗವನ್ನು ಕೈಯಲ್ಲಿ ಮುಟ್ಟಬೇಕು. ಎಳೆ ಎಳೆ ತಂತಿ ಸೇರಿಸಿ, ಮರದ ಬೊಡ್ಡೆಯಷ್ಟು ದಪ್ಪ ಮಾಡಿದ ಹಗ್ಗ. "ಉಕ್ಕಿನಲ್ಲೇ ಆಯುಷ್ಯ ಕಳೆದವ ನಾನು. ಅಷ್ಟು ದೊಡ್ಡದನ್ನು ಮುಟ್ಟಿದ್ದಿಲ್ಲ" ಎಂದಿದ್ದ.

ಅವನು ವಾಪಸು ಹೊರಡುವ ಹಿಂದಿನ ದಿನ, ಭಾನುವಾರ, ಹೋಗುವುದೆಂದು ಗೊತ್ತಾಗಿತ್ತು. ಬೆಳಿಗ್ಗೆ ಹೇವರ್ಡ್‌ನ ಗೋಡೌನಿನಿಂದ ನನ್ನ ಗಂಡನಿಗೆ ಕರೆ ಬಂತು, ಕೆಲಸಕ್ಕೆ ಬರಲೇಬೇಕೆಂದು. "ಮುಂದಿನ ಸಲ ನೋಡುವ ಭಾವ" ಎಂದು ಅವರು ಸಂಕೋಚದಿಂದ ಹೇಳಿದರು. ಅಣ್ಣ ಆಗಲೇ ಕೋಟು ಹಾಕಿ ಕೂತಿದ್ದ.

"ನೀವು ಕೆಲಸಕ್ಕೆ ಹೋಗಿ ಭಾವ. ಇವಳಿದ್ದಾಳಲ್ಲ! ಎಲ್ಲ ಕಡೆಗೂ ಇವಳೇ ಡ್ರೈವ್ ಮಾಡುವುದು."

ಗಂಡ ನನ್ನ ಮುಖ ನೋಡಿದರು. ನಾನು ಒಲೆಯ ಮುಖ ನೋಡಿದೆ. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಮ್ಮ ಮಿಲ್ಪಿಟಾಸ್‌ನಲ್ಲೇ ಬಾರ್ಟ್ ರೈಲಿನ ಸ್ಟೇಷನ್ನಿದೆ. ರೈಲು ಇಳಿದು ಬಸ್ಸು ಹಿಡಿದರೆ ಸೇತುವೆ. ಆದರೆ ಅಲ್ಲಿ ಬೋರ್ಡು ಓದಬೇಕು, ತಪ್ಪಿದರೆ ಕಂಡವರನ್ನು ಕೇಳಬೇಕು. ಇಷ್ಟು ವರ್ಷವಾದರೂ ತಂಗಿಗೆ ಒಂದು ಬಸ್ಸು ಹಿಡಿಯಲು ಬರುವುದಿಲ್ಲವೆಂದು ಅಣ್ಣನಿಗೆ ತಿಳಿಯುತ್ತದೆ. "ಹೋಗುವ ಅಣ್ಣ" ಎಂದೆ.

ನಂಬಿ, ಹೊರಡುವಾಗ ಮೋಸದ ಯೋಚನೆ ಇರಲಿಲ್ಲ. ಹೋಗಿಯೇ ಬಿಡುತ್ತೇನೆಂದು ಹಲ್ಲು ಕಚ್ಚಿ ಫ್ರೀವೇ ಹತ್ತುವ ತಿರುವಿನ ತನಕ ಹೋದೆ. ಬಲಗಡೆ ಹೋಗುವ ದೀಪ ಹಾಕಿದೆ. ಟಿಕ್ ಟಿಕ್ ಟಿಕ್. ಮೇಲೆ ಟ್ರಕ್ಕುಗಳ ಸದ್ದು. ಬ್ರೇಕ್ ಒತ್ತಿ ಅಲ್ಲೇ ನಿಂತುಬಿಟ್ಟೆ. ಹಿಂದಿನವನು ಹಾರ್ನು ಹೊಡೆದ. ತಿರುವನ್ನು ಬಿಟ್ಟು ನೇರ ಹೋದೆ.

"ತಿರುಗಲಿಲ್ಲ ಅಲ್ವಾ?" ಎಂದ ಅಣ್ಣ. ಕಿವಿ ಅಷ್ಟು ಚುರುಕು.

"ಮುಂದೆ ಇನ್ನೊಂದುಂಟು."

ಇನ್ನೊಂದನ್ನೂ ಬಿಟ್ಟೆ. ಮತ್ತೊಂದನ್ನೂ ಬಿಟ್ಟೆ. ಸಿಗ್ನಲ್ ರಸ್ತೆಗಳಲ್ಲೇ ಫ್ರೀಮಾಂಟ್ ದಾಟಿದೆ. ಅಣ್ಣ ಸೀಟಿಗೆ ಒರಗಿ ತೂಕಡಿಸಿದ. ನನಗೆ ದೀಪದ ರಸ್ತೆಯಲ್ಲೇ ಮುಟ್ಟಲಾಗುವ ಸೇತುವೆ ಒಂದೇ, ಡಂಬಾರ್ಟನ್. ಕೊಲ್ಲಿಯ ದಕ್ಷಿಣ ತುದಿಯಲ್ಲಿ, ಜೌಗು ನೆಲದ ಮೇಲೆ ಉದ್ದಕ್ಕೆ ಮಲಗಿದ ಕಾಂಕ್ರೀಟಿನ ಸೇತುವೆ. ಅಂಗಡಿಯವರ ಜೊತೆ ಒಮ್ಮೆ ಅಲ್ಲಿ ಹಕ್ಕಿ ನೋಡಲು ಹೋಗಿದ್ದೆ. ಪಕ್ಕದಲ್ಲಿ ನಡೆಯುವವರಿಗೆ ದಾರಿಯಿದೆ. ಅಲ್ಲಿ ಅಣ್ಣನನ್ನು ಕೂರಿಸಿ, ನನಗೆ ಹೆದರಿಕೆ ಅಣ್ಣ, ಹೋಗಲಿಕ್ಕೆ ಆಗಲಿಲ್ಲ ಎಂದು ಹೇಳಿಬಿಡುವುದು ಎಂದುಕೊಂಡೆ.

ಕೈ ಹಿಡಿದು ಮೇಲಕ್ಕೆ ಕರೆದುಕೊಂಡು ಹೋದೆ. ಗಾಳಿ ಜೋರಿತ್ತು. ಪಕ್ಕದಲ್ಲಿ ಕಾರುಗಳು ಧೋ ಎಂದು ಓಡುತ್ತಿದ್ದವು. ಅಣ್ಣ ನಿಂತ. ಟೊಪ್ಪಿ ತೆಗೆದು ಎದೆಗೆ ಹಿಡಿದುಕೊಂಡ, ದೇವಸ್ಥಾನದೊಳಗೆ ಬಂದವನ ಹಾಗೆ.

"ಇದೇ ಅಲ್ವಾ?"

ಹೇಳಬೇಕೆಂದಿದ್ದೆ. ಬಾಯಿಂದ ಬಂದದ್ದು "ಹೂಂ."

ಆಮೇಲೆ ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು. "ಎಂತ ಕಾಣ್ತದೆ ಹೇಳು" ಎಂದ. ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದ್ದನ್ನೆಲ್ಲ ಹೇಳಿದೆ: ಕೆಂಪು ಕಂಬ, ನೀಲಿ ಸಮುದ್ರ, ದೂರದಲ್ಲಿ ಸಿಟಿಯ ಎತ್ತರದ ಕಟ್ಟಡಗಳು. ಅವನ ಮುಖ ಒಂದು ಕ್ಷಣ ಅರಳುವುದು, ಮರುಕ್ಷಣ ಮೂಗು ಏನನ್ನೋ ಹುಡುಕುವುದು.

"ಸಮುದ್ರ ಅಂದ್ರೆ, ಕೆಸರಿನ ವಾಸನೆ ಎಂತಕ್ಕೆ?"

"ಇಳಿತ ಅಲ್ವಾ ಅಣ್ಣ."

"ಜನ ಇಲ್ವಾ? ಜಾತ್ರೆ ಹಾಗೆ ಇರ್ತದೆ ಅಂದಿದ್ಳು ರೇಷ್ಮಾ."

"ಚಳಿ ಅಲ್ವಾ, ಬರಲಿಲ್ಲ."

ಅವನು ಕಂಬಿ ಹಿಡಿದುಕೊಂಡು ತಡವುತ್ತಾ ಮುಂದೆ ಹೋದ. ಹೋಗುತ್ತಲೇ ಇದ್ದ. ಎರಡೂ ಕೈ ಗಾಳಿಯಲ್ಲಿ ಚಾಚಿ, ಎತ್ತರಕ್ಕೆ, ಬದಿಗೆ ಹುಡುಕಿದ. ದಾರಿಯಲ್ಲಿ ಸೈಕಲ್ಲಿನವನೊಬ್ಬ ಬಂದು ನಮ್ಮನ್ನು ನೋಡಿ ನಿಧಾನ ಮಾಡಿದ. ಅವನು ಎಲ್ಲಿ ಬಾಯಿ ತೆರೆದು ಸೇತುವೆಯ ಹೆಸರು ಹೇಳಿಬಿಡುತ್ತಾನೋ ಎಂದು ನಾನು ಉಸಿರು ಹಿಡಿದೆ. ಕೈ ಎತ್ತಿ ನಮಸ್ಕಾರದ ಹಾಗೆ ಮಾಡಿ ಹೋದ.

"ಹಗ್ಗ ಎಲ್ಲಿ?"

"ಅಲ್ಲಿ ಬೇಲಿ ಹಾಕಿದ್ದಾರೆ ಅಣ್ಣ. ರಿಪೇರಿ ನಡೀತಾ ಉಂಟು. ಯಾರನ್ನೂ ಬಿಡುವುದಿಲ್ಲ."

ಚಾಚಿದ ಕೈಗಳನ್ನು ಅಣ್ಣ ಕೆಳಗಿಳಿಸಿದ. "ಹೋಗ್ಲಿ ಬಿಡು. ಬಂದೆವಲ್ಲ" ಎಂದು, ನನ್ನ ತಲೆ ಎಲ್ಲಿದೆಯೆಂದು ಹುಡುಕಿ, ಅದರ ಮೇಲೆ ಕೈಯಿಟ್ಟ.

ಗಂಡನಿಗೆ ಅವತ್ತೇ ಹೇಳಿದೆ. "ಏರ್‌ಪೋರ್ಟಿಗೆ ಹೋಗುವ ಮೊದಲು ಹೇಳಿಬಿಡು ಮಾರಾಯ್ತಿ, ಒಂದು ದಿನದ ಸುಳ್ಳು ಒಂದು ದಿನಕ್ಕೇ ಮುಗೀಲಿ" ಎಂದರು. ಹೇಳಲಿಲ್ಲ. ಅಣ್ಣ ಶೆಫೀಲ್ಡ್‌ಗೆ ಹೋಗಿ, ಕಣ್ಣು ಕಾಣದವರೆಲ್ಲ ಚಹಾಕ್ಕೆ ಸೇರುವ ಕಡೆ ಈ ಕತೆ ಹೇಳಿದನಂತೆ. ರೇಷ್ಮಾ ಹೇಳಿದ್ದು. ಸೇತುವೆಯ ವಿಷಯ ಅವನು ಹೇಳುವುದು ಸ್ವಲ್ಪವೇ ಅಂತೆ. "ನನ್ನ ತಂಗಿ, ಬೀಡಿ ಕಟ್ಟುತ್ತಿದ್ದವಳು, ಅಮೆರಿಕದ ಫ್ರೀವೇಯಲ್ಲಿ ತಾನೇ ಕಾರು ಓಡಿಸಿ ನನ್ನನ್ನು ಕರ್ಕೊಂಡು ಹೋದಳು" ಎಂಬುದೇ ಹೆಚ್ಚು ಅಂತೆ.

ರೇಷ್ಮಾ ಫೋನು ಮಾಡಿ ಇಟ್ಟ ಮೇಲೆ ಎರಡು ದಿನ ಒದ್ದಾಡಿದೆ. ನಿಜವಾದ ಸೇತುವೆಯಲ್ಲಿ ನಿಂತು ಈ ಸಲ ವಾಸನೆ ಬೇರೆ ಉಂಟಲ್ಲ ಎಂದು ಅವನು ಕೇಳಿದರೆ ಕೊಡಬೇಕಾದ ಉತ್ತರವನ್ನೂ ತಯಾರು ಮಾಡಿದ್ದೆ; ಇಷ್ಟು ಕೆಳಗಿಳಿದಿದ್ದೆ ನಾನು. ಮೂರನೆಯ ಬೆಳಿಗ್ಗೆ, ಹಿಟ್ಟಿನ ಕೈಯಲ್ಲೇ ಅಂಗಡಿಯ ಹಿತ್ತಿಲಿಗೆ ಬಂದು ಫೋನು ಮಾಡಿದೆ. ಪೀಠಿಕೆ ಹಾಕಿದರೆ ಹಿಂದೆ ಸರಿಯುತ್ತೇನೆಂದು ಗೊತ್ತಿತ್ತು.

"ಅಣ್ಣ, ನಾನು ತೋರಿಸಿದ್ದು ಗೋಲ್ಡನ್ ಗೇಟ್ ಅಲ್ಲ. ಫ್ರೀವೇ ಹತ್ತಲಿಕ್ಕೆ ನನಗೆ ಹೆದರಿಕೆ. ಬೇರೆ ಸೇತುವೆ ಅದು. ಬೇಲಿ ಇರಲಿಲ್ಲ. ಹಗ್ಗವೇ ಇಲ್ಲ ಅದಕ್ಕೆ."

ಆ ಕಡೆ ಟೀವಿ ಕೇಳುತ್ತಿತ್ತು. ಯಾರೋ ಅದನ್ನು ಸಣ್ಣ ಮಾಡಿದರು.

"ಹೆದರಿಕೆ ಅಂತ ಹೇಳಿದ್ರೆ ನಾನು ಬೈತಿದ್ದೆನಾ?"

"ಇಲ್ಲ."

"ಕಣ್ಣು ಹೋದದ್ದು ನನ್ನದು. ನಿನಗೆ ಎಂತ ಆಗಿತ್ತು?"

ಕೈಗಂಟಿದ ಹಿಟ್ಟನ್ನು ಸೆರಗಿಗೆ ಉಜ್ಜಿದೆ.

"ಚಹಾಕ್ಕೆ ಸೇರುವವರಿಗೆಲ್ಲ ಈಗ ನಾನೇ ಹೋಗಿ ಹೇಳಬೇಕು, ನಾನು ಹೇಳಿದ್ದು ಸುಳ್ಳು ಅಂತ" ಎಂದ.

"ಬೇಡ ಅಣ್ಣ, ಅವರಿಗೆ ಎಂತಕ್ಕೆ..."

"ಬೇಡ ಅನ್ಲಿಕ್ಕೆ ನೀನು ಯಾರು?" ಫೋನು ಇಟ್ಟ.

ಮತ್ತೆ ಮಾಡಿದರೆ ರೇಷ್ಮಾ ಎತ್ತಿ, "ಡ್ಯಾಡ್ ಈಸ್ ರೆಸ್ಟಿಂಗ್, ಅತ್ತೆ" ಎನ್ನುವಳು. ಮಾರನೆಯ ದಿನವೂ ರೆಸ್ಟಿಂಗ್. ಟಿಕೆಟ್ ತೆಗೆಯಬೇಡವೆಂದು ಅಣ್ಣ ಹೇಳಿದ್ದಾನೆಂದೂ ತಿಳಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು.

ಇವತ್ತು ನನಗೆ ರಜೆ. ಬೆಳಿಗ್ಗೆ ಎದ್ದವಳೇ ಕಾರು ತೆಗೆದು, ಅದೇ ದೀಪದ ರಸ್ತೆಗಳಲ್ಲಿ ಡಂಬಾರ್ಟನ್ನಿಗೆ ಹೋದೆ. ಯಾಕೆ ಹೋದೆ ಎಂದರೆ ಸರಿಯಾಗಿ ಹೇಳಲು ಬರುವುದಿಲ್ಲ. ಅಣ್ಣ ನಿಂತ ಜಾಗದಲ್ಲಿ ನಿಂತು ಫೋನು ಮಾಡಿದೆ. ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ಎತ್ತಿದ್ದು ಅವನೇ.

"ಎಂತ?"

"ನೀನು ನಿಂತ ಜಾಗದಲ್ಲಿ ನಿಂತಿದ್ದೇನೆ."

ಅಣ್ಣ ಫೋನು ಇಡಲಿಲ್ಲ. ಅವನು ಕೇಳಲಿಲ್ಲ, ಆದರೂ ನಾನೇ ಶುರು ಮಾಡಿದೆ. ಸಮುದ್ರ ಇಲ್ಲ ಅಣ್ಣ, ಕಂದು ನೀರು. ಇಳಿತ ಹೌದು, ಅದೊಂದು ನಿಜವೇ ಹೇಳಿದ್ದೆ. ಕೆಸರಿನ ಮೇಲೆ ಉದ್ದ ಕೊಕ್ಕಿನ ಸಣ್ಣ ಹಕ್ಕಿಗಳು ಓಡುತ್ತಿವೆ. ಕರೆಂಟಿನ ದೊಡ್ಡ ಕಂಬಗಳು ನೀರಿನಲ್ಲೇ ನಿಂತಿವೆ. ದೂರದಲ್ಲಿ ಉಪ್ಪಿನ ಗದ್ದೆಗಳು, ಒಂದು ಗದ್ದೆ ಕೋಕಂ ಶರಬತ್ತಿನ ಬಣ್ಣಕ್ಕಿದೆ. ಈ ಕಡೆ, ಪಕ್ಕದಲ್ಲಿ ಇನ್ನೊಂದು ಹಳೆಯ ಸೇತುವೆ...

"ನಿಲ್ಲು. ಎಂಥ ಸೇತುವೆ?"

"ರೈಲಿನದ್ದು ಕಾಣ್ತದೆ. ಪೂರ್ತಿ ಕಬ್ಬಿಣ. ತುಕ್ಕು ಹಿಡಿದು ಕೆಂಪಾಗಿದೆ. ಅಡ್ಡ, ಓರೆ, ಅಡ್ಡ, ಓರೆ, ಹಾಗೆ ಪಟ್ಟಿಗಳು."

"ರೈಲು ಹೋಗ್ತದಾ?"

"ಇಲ್ಲ. ಹೋಗಲಿಕ್ಕೇ ಆಗುವುದಿಲ್ಲ. ಮಧ್ಯದ ತುಂಡು ಅಡ್ಡಕ್ಕೆ ತಿರುಗಿ ನಿಂತಿದೆ. ಎರಡು ಕಡೆಗೂ ಕೂಡುವುದಿಲ್ಲ."

ಅಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತದ್ದು ಇಲ್ಲಿಗೆ ಕೇಳಿಸಿತು. "ತಿರುಗುವ ಸೇತುವೆ ಅದು! ಹಡಗು ಬಂದಾಗ ಮಧ್ಯದ್ದನ್ನು ತಿರುಗಿಸಿ ದಾರಿ ಬಿಡ್ತಾರೆ. ಅವತ್ತು ಇತ್ತಾ ಅದು?"

"ಇತ್ತು."

"ನನ್ನ ಎದುರಿಗೇ?"

"ನಿನ್ನ ಎದುರಿಗೇ ಅಣ್ಣ. ನಾನು ನೋಡಲೇ ಇಲ್ಲ."

"ಇಷ್ಟು ಉಕ್ಕನ್ನು ಎದುರಿಗಿಟ್ಟುಕೊಂಡು ನೀನು ನನಗೆ ಕ್ಯಾಲೆಂಡರ್ ಓದಿದೆ."

ಕಣ್ಣು ತುಂಬಿ ಬಂದು ಆ ಸೇತುವೆಯೂ ಕಲಸಿಹೋಯಿತು. ಒರೆಸಿಕೊಂಡೆ, ಕಾಣದಿದ್ದರೆ ಹೇಳುವುದು ಹೇಗೆ?

"ಅಳ್ತಿದ್ದೀಯಾ?"

"ಹೌದು."

"ಅಳು. ನನ್ನ ಸಿಟ್ಟು ಹೋಗ್ಲಿಲ್ಲ."

"ಗೊತ್ತುಂಟು."

"ಟಿಕೆಟಿನ ಸುದ್ದಿ ಈಗ ತೆಗೀಬೇಡ."

"ಇಲ್ಲ."

ನನ್ನ ಹಿಂದೆ ಕಾರುಗಳು ಓಡುತ್ತಲೇ ಇದ್ದವು.

"ಆ ಮಧ್ಯದ ತುಂಡು ಉಂಟಲ್ಲ," ಎಂದ ಕೊನೆಗೆ, "ಅದು ನಿಂತದ್ದು ಯಾವುದರ ಮೇಲೆ? ಕೆಳಗೆ ಕಂಬ ಉಂಟಾ? ಸರಿಯಾಗಿ ನೋಡು."

ನಾನು ಕಂಬಿಗೆ ಹೊಟ್ಟೆ ಒತ್ತಿ, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡತೊಡಗಿದೆ.